ಹಳೆಯ ಎಲೆಕ್ಟ್ರೋಗೆ ತಮಾಷೆ ಕುಣಿತ ಹೊಂದಿಸಿದವರು ಇದ್ದೀರಾ? ಅನುಭವ ಹೇಳಿ

ಬೆಳಗಾವಿ, ಟಿಳಕವಾಡಿಯಿಂದ:
ಯಂತ್ರದ ತಾಳದ ಮೇಲೆ ಕಟ್ಟಿದ ಎಂಬತ್ತರ ದಶಕದ ಎಲೆಕ್ಟ್ರೋ ಹಾಡುಗಳು ಅಂದ್ರೆ ನನಗೆ ಪ್ರಾಣ. ತಂಗಿಯ ಅರಿಷಿಣದ ದಿನ ಮಾಳಿಗೆ ಮೇಲೆ ಪರದೆ ಕಟ್ಟಿ, ನೆಟ್‌ನಲ್ಲಿ ಸಿಗುವ ತಮಾಷೆ ಕುಣಿತದ ವಿಡಿಯೋಗಳನ್ನು ಈ ಹಾಡುಗಳ ಜೊತೆ ತೋರಿಸಬೇಕು ಅಂತ ಆಸೆ. ಕೂಡಿಸಿದರೆ ಕಾಲು ಒಂದು ಕಡೆ, ತಾಳ ಒಂದು ಕಡೆ. ಮಾಡಿದವರು ದಾರಿ ತೋರಿಸಿ.

ಬಾಗಲಕೋಟೆಯಿಂದ:
ಅಣ್ಣಾ, ನೀವು ಬಹುಶಃ ದೊಡ್ಡ ಡ್ರಮ್ಮಿನ ದಪ್ಪ ಪೆಟ್ಟಿನ ಜೊತೆ ಕಾಲು ಹೊಂದಿಸ್ತಾ ಇದ್ದೀರಿ. ಎಲೆಕ್ಟ್ರೋದಲ್ಲಿ ಅದು ಡಿಸ್ಕೋದಂತೆ ಒಂದೇ ಸಮ ಬೀಳೋದಿಲ್ಲ. ಒಮ್ಮೆ ಬಿಟ್ಟುಹೋಗುತ್ತದೆ, ಒಮ್ಮೆ ಎರಡು ಒಟ್ಟೊಟ್ಟಿಗೆ ಬರುತ್ತವೆ. ಅದರ ಬೆನ್ನು ಹತ್ತಬೇಡಿ. ಒಂದರಿಂದ ನಾಲ್ಕು ಎಣಿಸಿ. ಎರಡಕ್ಕೆ ಮತ್ತು ನಾಲ್ಕಕ್ಕೆ ಚಪ್ಪಾಳೆಯಂಥ ಸದ್ದು ಬರುತ್ತದೆ ಅಲ್ವಾ, ಅದನ್ನು ಹಿಡಿಯಿರಿ. ಕುಣಿಯುವವರ ಹಿಮ್ಮಡಿ ನೆಲಕ್ಕೆ ತಾಗುವ ಫ್ರೇಮ್ ಆ ಸದ್ದಿನ ಮೇಲೇ ಬರಬೇಕು. ಹೋಳಿಯಲ್ಲಿ ಹಲಗಿ ಕೇಳಿ ಬೆಳೆದವನು ನಾನು. ಕಿವಿ ದೊಡ್ಡ ಪೆಟ್ಟಿನ ಕಡೆ ಹೋದರೂ ಕಾಲು ಏಳೋದು ಸಣ್ಣ ಕಡ್ಡಿಯ ಚುರುಕು ಪೆಟ್ಟಿಗೆ.

ಇನ್ನು ವೇಗ. 15 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 30 ಹೆಜ್ಜೆ ಇದ್ದರೆ ನಿಮಿಷಕ್ಕೆ 120. 1982ರ ‘ಪ್ಲಾನೆಟ್ ರಾಕ್’ ಹಾಡು ನಿಮಿಷಕ್ಕೆ 127ರ ಆಸುಪಾಸು ಓಡುತ್ತದೆ. ಆಗ ವಿಡಿಯೋವನ್ನು 1.06 ಪಟ್ಟು ವೇಗ ಮಾಡಿದರೆ ಸಾಕು, ಯಾರಿಗೂ ಗೊತ್ತಾಗಲ್ಲ. ಹಾಡನ್ನು ಮುಟ್ಟಬೇಡಿ. ಅದರ ತಾಳ ರೋಲ್ಯಾಂಡ್ 808 ಅನ್ನುವ ಡ್ರಮ್ ಯಂತ್ರದ್ದು, ಮೊದಲಿಂದ ಕೊನೆತನಕ ಕೂದಲೆಳೆಯಷ್ಟೂ ಅಲುಗಾಡಲ್ಲ. ಮನುಷ್ಯರು ಮಾತ್ರ ಹುರುಪು ಬಂದಂತೆ ಓಡುತ್ತಾರೆ. ಅದಕ್ಕೇ ಒಂದು ತುಣುಕು 12 ಸೆಕೆಂಡು ದಾಟದಂತೆ ನೋಡಿಕೊಳ್ಳಿ.

ವಿಜಯಪುರದಿಂದ:
ಮೇಲಿನವರ ಮಾತು ಪೂರ್ತಿ ಒಪ್ಪಿದೆ. ಒಂದು ಎಚ್ಚರಿಕೆ ನನ್ನದು. ಬ್ಲೂಟೂತ್ ಹಾಕಿಕೊಂಡು ಹೊಂದಿಸಬೇಡಿ. ಸದ್ದು ಸ್ವಲ್ಪ ತಡವಾಗಿ ಕಿವಿಗೆ ಬರುತ್ತದೆ. ನಾನು ಮೂರು ರಾತ್ರಿ ಕೂತು ಹೊಂದಿಸಿದ್ದೆಲ್ಲ ವೈರಿನ ಸ್ಪೀಕರಿನಲ್ಲಿ ಹಾಕಿದಾಗ ತಪ್ಪಿಹೋಗಿತ್ತು. ಅಳು ಬರೋದೊಂದು ಬಾಕಿ. ವೈರಿನ ಇಯರ್‌ಫೋನ್ ತಗೊಳ್ಳಿ. ತೋರಿಸುವ ದಿನವೂ ಸ್ಪೀಕರಿಗೆ ವೈರೇ ಇರಲಿ.

ಮತ್ತೆ, ಯಾವ ಕುಣಿತ ಅನ್ನೋದೂ ಮುಖ್ಯ. ಯಂತ್ರದ ತಾಳಕ್ಕೆ ರೋಬೋಟಿನಂತೆ ಕುಣಿಯುವವರನ್ನು ಹಾಕಿದರೆ ಚೆಂದ ಕಾಣುತ್ತದೆ, ನಗು ಬರಲ್ಲ. ಮೈ ಸಡಿಲ ಬಿಟ್ಟು, ಮುಖ ಗಂಭೀರವಾಗಿಟ್ಟು ಕುಣಿಯುವವರು ಬೇಕು. ನನ್ನ ಹತ್ತಿರ ಒಂದು ವಿಡಿಯೋ ಇದೆ. ಮದುವೆ ಮೆರವಣಿಗೆಯಲ್ಲಿ ಪಟಗ ಸುತ್ತಿದ ಅಜ್ಜ ಧೋತರದ ಚುಂಗು ಎಡಗೈಯಲ್ಲಿ ಹಿಡಿದು, ಬಲ ಹೆಗಲು ಮಾತ್ರ ಕುಣಿಸುತ್ತಾನೆ. ಕಣ್ಣು ಕೂಡ ಮಿಟುಕಿಸಲ್ಲ. ಆ ಹೆಗಲು ಚಪ್ಪಾಳೆ ಸದ್ದಿಗೆ ಸರಿಯಾಗಿ ಏಳುವಾಗ ನಮ್ಮ ಮನೆಯವರೆಲ್ಲ ಎದ್ದು ನಿಂತು ನಕ್ಕರು. ಆಮೇಲೆ ಎಲ್ಲರೂ ಅವನಂತೆ ಹೆಗಲು ಕುಣಿಸಿದರು. ಬಿದ್ದವರ, ಕುಡಿದವರ ವಿಡಿಯೋ ನನಗೆ ಬೇಡ. ಕುಣಿಯುವವರಿಗೆ ಅದರಲ್ಲಿ ಖುಷಿ ಇರಬೇಕು.

ಅಥಣಿಯಿಂದ:
ಹಿರಿಯರೂ ಕೂತಿರ್ತಾರೆ ಅಲ್ವಾ? ಅವರಿಗಾಗಿ ಚರಣಜಿತ್ ಸಿಂಗ್ ಅವರದ್ದು ಒಂದು ಹಾಕಿ. ಮುಂಬೈನಲ್ಲಿ 1982ರಲ್ಲಿ ಅವರು ಇದೇ 808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಭೈರವ್ ಕೂಡ ಇದೆ, ಯಮನ್ ಕೂಡ ಇದೆ. ನಮ್ಮ ಕಾಕಾ ಭಜನೆಯಲ್ಲಿ ಪೇಟಿ ನುಡಿಸುವವರು. ಭೈರವ್ ಶುರುವಾದ ಕೂಡಲೇ ‘ಏ, ತಡಿ, ಮತ್ತೊಮ್ಮೆ ಹಚ್ಚು’ ಅಂದರು.

ಬೆಳಗಾವಿ, ಟಿಳಕವಾಡಿಯಿಂದ:
ಎಲ್ಲರಿಗೂ ಶರಣು. ನಿನ್ನೆ ರಾತ್ರಿ ವೈರಿನ ಇಯರ್‌ಫೋನ್ ತಂದು ಕೂತೆ. ಲೇಜಿಮ್ ಹಿಡಿದ ಒಬ್ಬ ಹುಡುಗನ ವಿಡಿಯೋ ತಗೊಂಡೆ. ಎಣಿಸಿದರೆ 15 ಸೆಕೆಂಡಿಗೆ 31 ಹೆಜ್ಜೆ, ಅಂದರೆ 124. ಸ್ವಲ್ಪವೇ ವೇಗ ಮಾಡಿ, ಅವನು ಬಗ್ಗಿ ಲೇಜಿಮ್ ಝಲ್ ಅನ್ನಿಸುವ ಫ್ರೇಮನ್ನು ನಾಲ್ಕನೇ ಎಣಿಕೆಗೆ ತಂದೆ. ಕೂತಿತು! ತಂಗಿ ಅಡುಗೆಮನೆಯಿಂದ ಓಡಿ ಬಂದು ಏಳು ಸಲ ನೋಡಿದಳು. ವಿಜಯಪುರದವರೇ, ಆ ಅಜ್ಜನ ವಿಡಿಯೋ ಕಳಿಸ್ತೀರಾ?