ಪ್ರಶ್ನೋತ್ತರ: ಸೋಲಾರ್ ಪಾರ್ಕ್ ಜೊತೆ ಬ್ಯಾಟರಿಯೂ ಬಂದರೆ ಊರಿಗೆ ಸಿಗೋದೇನು?

ಪ್ರಶ್ನೆ:
ಮೇಡಂ, ನಮಸ್ಕಾರ. ನಮ್ಮೂರಿನ ಪಕ್ಕದಲ್ಲಿ 100 ಮೆಗಾವ್ಯಾಟ್‌ ಸೋಲಾರ್ ಪಾರ್ಕ್ ಮಾಡುತ್ತೇವೆ, ಅದರ ಜೊತೆ ದೊಡ್ಡ ಬ್ಯಾಟರಿಯನ್ನೂ ಇಡುತ್ತೇವೆ ಅಂತ ಒಂದು ಕಂಪನಿಯವರು ಸಭೆ ಕರೆದಿದ್ದರು. ಕೆಲಸ ಸಿಗುತ್ತದೆ, ಕರೆಂಟ್ ಅಗ್ಗವಾಗುತ್ತದೆ, ಊರಿಗೆ ದುಡ್ಡು ಬರುತ್ತದೆ ಅಂದರು. ಅರ್ಧ ಊರು ಖುಷಿಯಾಗಿದೆ, ಇನ್ನರ್ಧಕ್ಕೆ ಅನುಮಾನ. ನೀವು ಇಂಥ ಪ್ಲಾಂಟ್‌ಗಳಲ್ಲೇ ಕೆಲಸ ಮಾಡಿದವರು. ಇದರಲ್ಲಿ ನಿಜ ಎಷ್ಟು? ಮತ್ತೆ ಬ್ಯಾಟರಿ ಯಾಕೆ?

ಉತ್ತರ (ಸೋಲಾರ್ ಎಂಜಿನಿಯರ್):
ನಮಸ್ಕಾರ. ಮೊದಲು ಕರೆಂಟ್ ವಿಷಯ ಮುಗಿಸೋಣ. ಪಕ್ಕದಲ್ಲಿ ಪ್ಲಾಂಟ್ ಇದೆ ಅಂತ ನಿಮ್ಮ ಬಿಲ್ ಕಡಿಮೆ ಆಗುವುದಿಲ್ಲ. ಅಲ್ಲಿ ತಯಾರಾದ ವಿದ್ಯುತ್ ಸಬ್‌ಸ್ಟೇಷನ್‌ಗೆ ಹೋಗಿ ಗ್ರಿಡ್‌ಗೆ, ಅಂದರೆ ಎಲ್ಲಾ ಕಡೆಗೂ ಕರೆಂಟ್ ಒಯ್ಯುವ ತಂತಿಜಾಲಕ್ಕೆ, ಸೇರುತ್ತದೆ, ಅಲ್ಲಿಂದ ಮುಂದೆ ಅದು ಎಲ್ಲರದ್ದೂ. ಊರಿಗೆ ರಿಯಾಯಿತಿ ಬೇಕು ಅಂದರೆ ಅದನ್ನು ಕರಾರಿನಲ್ಲಿ ಬರೆಸಬೇಕು. ಬಾಯಿಮಾತಿನಲ್ಲಿ ಹೇಳಿದ್ದರೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ದುಡ್ಡು ಬರುವುದು ಮುಖ್ಯವಾಗಿ ಜಮೀನಿನ ಬಾಡಿಗೆಯಿಂದ. 1 ಮೆಗಾವ್ಯಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು, ಅಂದರೆ ನಿಮ್ಮಲ್ಲಿ 400-500 ಎಕರೆ. ಗುತ್ತಿಗೆ ಸಾಮಾನ್ಯವಾಗಿ 25-30 ವರ್ಷ. ಮಳೆ ಬರಲಿ ಬಿಡಲಿ ವರ್ಷಕ್ಕೊಮ್ಮೆ ದುಡ್ಡು ಬರುತ್ತದೆ, ಬೆಳೆ ಕೈಕೊಡುವ ಒಣಭೂಮಿಯವರಿಗೆ ಇದು ದೊಡ್ಡ ಮಾತು. ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್‌ಗೆ ಸುಮಾರು 13,000 ಎಕರೆಯನ್ನು ಹೀಗೇ ಗುತ್ತಿಗೆಗೆ ಪಡೆದರು, ರೈತರಿಂದ ಕೊಂಡುಕೊಳ್ಳಲಿಲ್ಲ. ಎರಡು ವರ್ಷಕ್ಕೊಮ್ಮೆ ಬಾಡಿಗೆ ಶೇ 5ರಷ್ಟು ಏರಬೇಕು ಅಂತಲೂ ಇತ್ತು. ಈ ಏರಿಕೆಯ ಸಾಲು ಇಲ್ಲದ ಕರಾರಿಗೆ ಸಹಿ ಹಾಕಿದರೆ, ಇವತ್ತು ಚೆನ್ನಾಗಿ ಕಾಣುವ ಬಾಡಿಗೆ 20 ವರ್ಷದ ಮೇಲೆ ಪುಡಿಗಾಸು.

ಕೆಲಸದ ಬಗ್ಗೆ ಕಂಪನಿಯವರು ಹೇಳುವ ಸಂಖ್ಯೆ ಬಹುತೇಕ ಕಟ್ಟುವ ಹಂತದ್ದು. ಆ ಒಂದು, ಒಂದೂವರೆ ವರ್ಷ ನೂರಾರು ಜನಕ್ಕೆ ಕೆಲಸ ಇರುತ್ತದೆ: ಕಂಬ ಹೂಳುವುದು, ಪ್ಯಾನೆಲ್ ಕೂರಿಸುವುದು, ಕೇಬಲ್ ಎಳೆಯುವುದು, ಬೇಲಿ ಹಾಕುವುದು. ಪ್ಲಾಂಟ್ ಶುರುವಾದ ಮೇಲೆ ಉಳಿಯುವುದು ಕಾವಲು, ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಒಂದಷ್ಟು ಟೆಕ್ನಿಷಿಯನ್‌ಗಳು. ತೊಳೆಯುವ ಕೆಲಸವೂ ಈಗ ಹಲವು ಕಡೆ ನೀರಿಲ್ಲದೆ ರೋಬಾಟ್‌ಗಳಿಂದ ಆಗುತ್ತಿದೆ. ಆದ್ದರಿಂದ "ಕಾಯಂ ಕೆಲಸ ಎಷ್ಟು, ಅದರಲ್ಲಿ ಊರಿನವರಿಗೆ ಎಷ್ಟು" ಅಂತ ಬಿಡಿಸಿ ಕೇಳಿ.

ಇನ್ನು ಬ್ಯಾಟರಿ. ಮಧ್ಯಾಹ್ನ ಎಲ್ಲಾ ಸೋಲಾರ್ ಪ್ಲಾಂಟ್‌ಗಳೂ ಒಟ್ಟಿಗೆ ಕರೆಂಟ್ ಮಾಡುತ್ತವೆ, ಜನಕ್ಕೆ ಜಾಸ್ತಿ ಬೇಕಾಗುವುದು ಸಂಜೆ ದೀಪ ಹಚ್ಚಿದ ಮೇಲೆ. ಸೋಲಾರ್ ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾದಂಥ ಕಡೆ ಮಧ್ಯಾಹ್ನದ ಸಗಟು ದರ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ (ಅಂದರೆ ಕರೆಂಟ್ ಮಾರುವವರೇ ಕೈಯಿಂದ ದುಡ್ಡು ಕೊಡಬೇಕು), ಪ್ಲಾಂಟ್‌ಗೆ "ಸ್ವಲ್ಪ ಹೊತ್ತು ನಿಲ್ಲಿಸಿ" ಅಂತ ಹೇಳುವುದೂ ಉಂಟು. ಬ್ಯಾಟರಿ ಇದ್ದರೆ ಆ ಕರೆಂಟನ್ನು ಹಿಡಿದಿಟ್ಟು ಸಂಜೆ ಮಾರಬಹುದು. ತುಂಬಿಸಿ ತೆಗೆಯುವಾಗ ಶೇ 10-15ರಷ್ಟು ಕಳೆದುಹೋಗುತ್ತದೆ, ಆದರೂ ಲಾಭವೇ.

ಸಭೆಯಲ್ಲಿ ಬ್ಯಾಟರಿಗೆ ಎರಡು ಸಂಖ್ಯೆ ಹೇಳಿರಬೇಕು. ಮೆಗಾವ್ಯಾಟ್ ಅಂದರೆ ನಲ್ಲಿಯ ಗಾತ್ರ, ಮೆಗಾವ್ಯಾಟ್ ಅವರ್ ಅಂದರೆ ಟ್ಯಾಂಕಿನ ಗಾತ್ರ. 100 ಮೆಗಾವ್ಯಾಟ್, 400 ಮೆಗಾವ್ಯಾಟ್ ಅವರ್ ಅಂದರೆ ಪೂರ್ತಿ ಜೋರಿನಲ್ಲಿ 4 ಗಂಟೆ ಬರುತ್ತದೆ. ಒಂದೇ ಸಂಖ್ಯೆ ಹೇಳಿದ್ದರೆ ಇನ್ನೊಂದನ್ನೂ ಕೇಳಿ.

ಬ್ಯಾಟರಿಯ ಇನ್ನೊಂದು ಗುಣ ಅದರ ವೇಗ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಶುರುವಾಯಿತು. ಆ ಡಿಸೆಂಬರ್‌ನಲ್ಲೇ ದೂರದ ಒಂದು ಕಲ್ಲಿದ್ದಲು ಘಟಕ ಇದ್ದಕ್ಕಿದ್ದಂತೆ ನಿಂತಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಈ ಬ್ಯಾಟರಿ ಗ್ರಿಡ್‌ಗೆ ಕರೆಂಟ್ ಕೊಡಲು ಶುರುಮಾಡಿತು. ಗ್ರಿಡ್ ಸ್ಥಿರವಾಗಿಡಲು ಅಲ್ಲಿ ಆಗುತ್ತಿದ್ದ ಖರ್ಚೂ ಇಳಿಯಿತು.

ಸದಸ್ಯರು:
ಹಾಗಾದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ನಮ್ಮೂರಿಗೆ ಕೊಡ್ತಾರೆ ಅಲ್ವಾ?

ಉತ್ತರ:
ಇಲ್ಲ. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಗ್ರಿಡ್ ಹೋದರೆ ಸಾಮಾನ್ಯವಾಗಿ ಪ್ಲಾಂಟೂ ತಾನಾಗೇ ನಿಲ್ಲುತ್ತದೆ, ಲೈನ್ ಮೇಲೆ ಕೆಲಸ ಮಾಡುವವರಿಗೆ ಅಪಾಯ ಆಗಬಾರದು ಅಂತ. ಊರನ್ನು ಮಾತ್ರ ಬೇರ್ಪಡಿಸಿ ಬ್ಯಾಟರಿಯಿಂದ ನಡೆಸಬಹುದು, ಅದಕ್ಕೆ ಬೇರೆ ಥರದ ಇನ್ವರ್ಟರ್, ಸ್ವಿಚ್‌ಗಳು ಬೇಕು, ವಿದ್ಯುತ್ ಕಂಪನಿಯ ಒಪ್ಪಿಗೆಯೂ ಬೇಕು. ಆಸ್ಪತ್ರೆ, ನೀರಿನ ಪಂಪ್‌ಗಾದರೂ ಇದು ಬೇಕು ಅಂತ ಡಿಸೈನ್ ಆಗುವ ಮೊದಲೇ ಕೇಳಬೇಕು. ಕಟ್ಟಿದ ಮೇಲೆ ಕೇಳಿದರೆ ಖರ್ಚು ನೋಡಿ ಯಾರೂ ಮುಂದೆ ಬರುವುದಿಲ್ಲ.

ಇನ್ನೊಬ್ಬ ಸದಸ್ಯರು:
ಬಾಡಿಗೆ ಜಮೀನಿದ್ದವರಿಗೆ ಸರಿ ಮೇಡಂ. ನಮ್ಮಂಥವರು ಆ ಜಮೀನಿನಲ್ಲಿ ಕೂಲಿ ಮಾಡಿ, ಅಲ್ಲೇ ಕುರಿ ಮೇಯಿಸಿ ಬದುಕುವವರು. ನಮಗೇನು?

ಉತ್ತರ:
ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇನೆ, ಏನೂ ಬರೆಸದಿದ್ದರೆ ನಿಮಗೆ ನಷ್ಟವೇ. ಜಮೀನಿನ ಮಾಲೀಕರಿಗೆ ಬೇಸಾಯಕ್ಕಿಂತ ಬಾಡಿಗೆ ಜಾಸ್ತಿ ಸಿಗಬಹುದು, ಆದರೆ ಬಿತ್ತನೆ, ಕಳೆ, ಕೊಯ್ಲು ಅಂತ ಹಂಚಿಹೋಗುತ್ತಿದ್ದ ಕೂಲಿ ಅಲ್ಲಿಗೇ ನಿಂತುಹೋಗುತ್ತದೆ. ಕೆಲವು ಮಾಲೀಕರು ಬಾಡಿಗೆ ತೆಗೆದುಕೊಂಡು ಬೇರೆ ಊರಿಗೇ ಹೋಗುತ್ತಾರೆ, ಆಗ ಆ ದುಡ್ಡು ಊರಿನಲ್ಲಿ ಖರ್ಚೂ ಆಗುವುದಿಲ್ಲ.

ಇದಕ್ಕೆ ಮಾಡಬಹುದಾದ್ದು ಇದೆ. ಮೊದಲನೆಯದು ಊರಿನ ನಿಧಿ. ಪ್ರತಿ ಮೆಗಾವ್ಯಾಟ್‌ಗೆ ವರ್ಷಕ್ಕೆ ಇಷ್ಟು ಅಂತ ಕಂಪನಿ ಕಟ್ಟಬೇಕು, ಅದನ್ನು ಎಲ್ಲರೂ ಸೇರಿ ಖರ್ಚು ಮಾಡಬೇಕು. ಬ್ರಿಟನ್‌ನ ಹಲವು ಸೋಲಾರ್, ಗಾಳಿ ವಿದ್ಯುತ್ ಯೋಜನೆಗಳಲ್ಲಿ ಇದು ರೂಢಿ. ಆ ಸಮಿತಿಯಲ್ಲಿ ಜಮೀನಿಲ್ಲದವರಿಗೂ ಜಾಗ ಇರಬೇಕು, ಇಲ್ಲದಿದ್ದರೆ ಆ ದುಡ್ಡೂ ಮತ್ತೆ ಮಾಲೀಕರ ಬೀದಿಗೇ ಹೋಗುತ್ತದೆ. ಎರಡನೆಯದು ಕುರಿ. ಪ್ಯಾನೆಲ್ ಕೆಳಗೆ ಹುಲ್ಲು ಬೆಳೆಯುತ್ತದೆ, ಅದು ಎತ್ತರ ಬೆಳೆದರೆ ನೆರಳು ಬೀಳುತ್ತದೆ, ಒಣಗಿದರೆ ಬೆಂಕಿಯ ಭಯ. ಕಂಪನಿ ಹೇಗೂ ದುಡ್ಡು ಕೊಟ್ಟೇ ಕತ್ತರಿಸಬೇಕು. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕುರಿ ಸಾಕುವವರಿಗೇ ಈ ಕೆಲಸ ಕೊಡುತ್ತಾರೆ, ಮೇವೂ ಸಿಗುತ್ತದೆ, ಮೇಲೆ ಕೂಲಿಯೂ ಸಿಗುತ್ತದೆ. ಆಡು ಮಾತ್ರ ಬೇಡ, ಅವು ಪ್ಯಾನೆಲ್ ಮೇಲೆ ಹತ್ತುತ್ತವೆ, ವೈರ್ ಕಡಿಯುತ್ತವೆ!

ಸದಸ್ಯರು:
ಬ್ಯಾಟರಿಗೆ ಬೆಂಕಿ ಹತ್ತಿದರೆ?

ಉತ್ತರ:
ಭಯ ಸುಮ್ನೆ ಬಂದದ್ದಲ್ಲ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ದೊಡ್ಡ ಬೆಂಕಿಯಾಗಿ, ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಅಲ್ಲಿದ್ದವು ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬ್ಯಾಟರಿಗಳು, ಅವನ್ನು ಹಳೆಯ ಕಟ್ಟಡವೊಂದರ ಒಳಗೆ ಒಟ್ಟಿಗೆ ಜೋಡಿಸಿದ್ದರು. ಈಗಿನ ಪ್ಲಾಂಟ್‌ಗಳಲ್ಲಿ ಹೆಚ್ಚಾಗಿ ಬಯಲಿನಲ್ಲಿ ಬೇರೆ ಬೇರೆ ಕಂಟೇನರ್ ಇಡುತ್ತಾರೆ, ನಡುವೆ ಅಂತರ ಬಿಡುತ್ತಾರೆ, ಒಂದು ಹೊತ್ತಿದರೂ ಪಕ್ಕದ್ದಕ್ಕೆ ಹರಡಬಾರದು ಅಂತ. ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಇನ್ನೊಂದು ಬಗೆಯ ಬ್ಯಾಟರಿ ಅಷ್ಟು ಬೇಗ ಕಾವು ಏರಿ ಹೊತ್ತುವುದಿಲ್ಲ. ಹೊತ್ತುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಗೆಯಲ್ಲಿ ವಿಷಾನಿಲ ಇರುತ್ತದೆ. ಆದ್ದರಿಂದ ಯಾವ ಬ್ಯಾಟರಿ, ಮನೆಗಳಿಂದ ಎಷ್ಟು ದೂರ, ಹತ್ತಿರದ ಅಗ್ನಿಶಾಮಕ ದಳಕ್ಕೆ ತರಬೇತಿ ಯಾರು ಕೊಡುತ್ತಾರೆ, ಈ ಮೂರನ್ನೂ ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. 25 ವರ್ಷ ಆದ ಮೇಲೆ ಜಮೀನು ಬೇಸಾಯಕ್ಕೆ ಬರುತ್ತಾ?

ಉತ್ತರ:
ಕಟ್ಟುವಾಗ ಮೇಲ್ಮಣ್ಣು ಉಳಿಸಿದ್ದರೆ ಬರುತ್ತದೆ. ಬುಲ್ಡೋಜರ್ ತಂದು ಎಲ್ಲಾ ಮಟ್ಟ ಮಾಡಿ ಜಲ್ಲಿ ಸುರಿದರೆ ಕಷ್ಟ. ಕಂಬ ನೆಲಕ್ಕೆ ನೇರವಾಗಿ ಬಡಿದು ಕೂರಿಸಬಹುದು, ಬಹಳ ಕಡೆ ಕಾಂಕ್ರೀಟ್ ಬೇಕಿಲ್ಲ. ಬದು, ನೀರು ಹರಿಯುವ ದಾರಿ ಹಾಗೇ ಇರಲಿ ಅಂತ ಬರೆಸಿ.

ಕೊನೆಗೆ ಎಲ್ಲಾ ಬಿಚ್ಚಿ ಸಾಗಿಸುವ ಖರ್ಚು ಯಾರದ್ದು ಅನ್ನೋದೂ ಅಷ್ಟೇ ಮುಖ್ಯ. ಈ ಪ್ಲಾಂಟ್‌ಗಳು ಆಗಾಗ ಕೈ ಬದಲಾಗುತ್ತವೆ, ಸಭೆಗೆ ಬಂದ ಕಂಪನಿಯೇ 25 ವರ್ಷ ಇರುತ್ತದೆ ಅಂದುಕೊಳ್ಳಬೇಡಿ. ಅದಕ್ಕೆಂದೇ ದುಡ್ಡನ್ನು ಬ್ಯಾಂಕ್ ಗ್ಯಾರಂಟಿಯಾಗಿ ಮೊದಲೇ ಇಡಿಸಬೇಕು, ಯಾರು ಕೊಂಡರೂ ಅದು ಉಳಿಯಬೇಕು. ಬ್ಯಾಟರಿಯನ್ನು ಸುಮಾರು 15 ವರ್ಷಕ್ಕೆ ಬದಲಿಸಬೇಕಾಗಬಹುದು, ಹಳೆಯದು ಎಲ್ಲಿಗೆ ಹೋಗುತ್ತದೆ ಅಂತಲೂ ಕರಾರಿನಲ್ಲೇ ಇರಲಿ.

ಪ್ರಶ್ನೆ ಕೇಳಿದವರು:
ಕರಾರಿನ ಕರಡು ಇನ್ನೂ ಕೊಟ್ಟಿಲ್ಲ. ಸಿಕ್ಕಿದ ಕೂಡಲೇ ಇಲ್ಲಿ ಹಾಕುತ್ತೇನೆ.

ಉತ್ತರ:
ಹಾಕಿ, ನೋಡೋಣ. ಹೆಸರು, ಸರ್ವೆ ನಂಬರ್ ಅಳಿಸಿ ಹಾಕಿ. ಅದನ್ನು ಒಬ್ಬ ವಕೀಲರಿಗೂ ತೋರಿಸಿ, ಕಂಪನಿಯವರೇ ಗೊತ್ತುಮಾಡಿಕೊಟ್ಟ ವಕೀಲರಿಗಲ್ಲ.