ಸೆಸ್ನಾ 172ರ ಜಿಪಿಎಸ್ ಆಗಾಗ ಸಿಗ್ನಲ್ ಕಳೆದುಕೊಳ್ಳುತ್ತಿದೆ: ಹೊಸದು ಕೊಳ್ಳುವುದಾದರೆ ಯಾವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ನಾವು ಮೂವರು ಪಾಲುದಾರರು ಸೇರಿ ಸೆಸ್ನಾ 172 ಎಂಬ ಒಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದೇವೆ. ಪ್ಯಾನೆಲ್‌ನಲ್ಲಿರುವುದು ಜಿಪಿಎಸ್, ರೇಡಿಯೊ ಎರಡೂ ಇರುವ ಗಾರ್ಮಿನ್ ಜಿಎನ್‌ಎಸ್ 430, ವಾಸ್ (ಜಿಪಿಎಸ್‌ನ ನಿಖರತೆ ಹೆಚ್ಚಿಸುವ ಉಪಗ್ರಹ ವ್ಯವಸ್ಥೆ) ಇಲ್ಲದ ಹಳೆಯ ಮಾದರಿ. ಎರಡು ತಿಂಗಳಿಂದ ಹಾರಾಟದ ನಡುವೆ ಉಪಗ್ರಹಗಳೆಲ್ಲ ಒಮ್ಮೆಲೇ ಮಾಯವಾಗಿ, ಸ್ವಲ್ಪ ಹೊತ್ತಿನಲ್ಲಿ ತಾವೇ ಮರಳುತ್ತವೆ. ವರ್ಕ್‌ಶಾಪಿನವರು ಹೊಸದನ್ನೇ ಹಾಕಿಸಿ ಎನ್ನುತ್ತಿದ್ದಾರೆ. ಕಳೆದ ವರ್ಷ ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದಲ್ಲಿ ಉಪಕರಣ ನೋಡಿಯೇ ಹಾರಿಸುವ ಪರವಾನಗಿ) ಪಡೆದಿದ್ದೇನೆ. ಬೇಸಿಗೆಯ ಬೆಳಿಗ್ಗೆ ಕರಾವಳಿಯ ನಿಲ್ದಾಣಗಳ ಮೇಲೆ ತಗ್ಗು ಮೋಡ ಕವಿದಿರುತ್ತದೆ, ಅಲ್ಲಿಗೆ ಇಳಿಯಲು ನಂಬಿಕೆಯ ಉಪಕರಣ ಬೇಕು. ಜಿಟಿಎನ್ 650ಎಕ್ಸ್‌ಐ, ಅವಿಡೈನ್ ಐಎಫ್‌ಡಿ440, ಜಿಪಿಎಸ್ 175, ಈ ಮೂರರಲ್ಲಿ ಯಾವುದು ಸರಿ?

ಉತ್ತರ:
ಸರ್, ಕೊಳ್ಳುವ ಮಾತು ಆಮೇಲೆ ಆಡೋಣ. ಸಿಗ್ನಲ್ ಹೋಗುವಾಗ ನೀವು ರೇಡಿಯೊದಲ್ಲಿ ಮಾತನಾಡುತ್ತಿದ್ದಿರಾ?

ಜಿಪಿಎಸ್ ಸಿಗ್ನಲ್‌ನ ಆವರ್ತನ 1575.42 ಮೆಗಾಹರ್ಟ್ಸ್. ಇದನ್ನು 13ರಿಂದ ಭಾಗಿಸಿದರೆ ಸುಮಾರು 121.19, 12ರಿಂದ ಭಾಗಿಸಿದರೆ ಸುಮಾರು 131.29. ಎರಡೂ ನಾವು ಮಾತನಾಡುವ ವಿಎಚ್‌ಎಫ್ ಪಟ್ಟಿಯೊಳಗೇ ಬರುತ್ತವೆ. ಆ ಆಸುಪಾಸಿನಲ್ಲಿ ನಿಮ್ಮ ರೇಡಿಯೊ ಪ್ರಸಾರ ಮಾಡಿದಾಗ ಅದರ ಹಾರ್ಮೋನಿಕ್, ಅಂದರೆ ಆ ಆವರ್ತನದ 12 ಅಥವಾ 13 ಪಟ್ಟಿನಲ್ಲಿ ಸೋರುವ ಸಿಗ್ನಲ್, ನೇರವಾಗಿ ಜಿಪಿಎಸ್ ಮೇಲೆ ಬೀಳುತ್ತದೆ. ಉಪಗ್ರಹದಿಂದ ಬರುವ ಸಿಗ್ನಲ್ ಎಷ್ಟು ಕ್ಷೀಣವೆಂದರೆ, ಪಕ್ಕದಲ್ಲೇ ಸೋರುವ ಅಲ್ಪಸ್ವಲ್ಪ ಶಕ್ತಿಯೂ ಅದನ್ನು ಮುಳುಗಿಸುತ್ತದೆ.

ವಿಮಾನವನ್ನು ಹ್ಯಾಂಗರ್‌ನಿಂದ ಬಯಲಿಗೆ ತಂದು ಉಪಗ್ರಹಗಳ ಪುಟ ತೆರೆಯಿರಿ. 121.150, 121.175, 121.200, 131.250, 131.275, 131.300 ಈ ಆರರಲ್ಲೂ, ಬೇರೆ ಯಾರೂ ಮಾತನಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಅರ್ಧ ನಿಮಿಷ ಪ್ರಸಾರದ ಗುಂಡಿ ಒತ್ತಿ ಹಿಡಿಯಿರಿ. ಎರಡೂ ರೇಡಿಯೊಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ. ಸಿಗ್ನಲ್ ಬಲ ತೋರಿಸುವ ಕಡ್ಡಿಗಳು ಕುಸಿದರೆ ಇಎಲ್‌ಟಿಯ (ಅಪಘಾತವಾದಾಗ ತುರ್ತು ಸಂಕೇತ ಕಳಿಸುವ ಪೆಟ್ಟಿಗೆಯ) ಆ್ಯಂಟೆನಾ ಕೇಬಲ್ ಕಳಚಿ ಮತ್ತೊಮ್ಮೆ ನೋಡಿ. ಕೆಲವೊಮ್ಮೆ ಆ ಹಾರ್ಮೋನಿಕ್ ಹುಟ್ಟುವುದು ಅಲ್ಲಿಯೇ. ಪರೀಕ್ಷೆ ಮುಗಿದೊಡನೆ ಕೇಬಲ್ ಮರಳಿ ಜೋಡಿಸುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಮಾಡಿ ನೋಡಿದೆ. 430ರೊಳಗಿನ ರೇಡಿಯೊದಿಂದ ಏನೂ ಆಗಲಿಲ್ಲ. ಎರಡನೇ ರೇಡಿಯೊದಲ್ಲಿ 121.175 ಹಾಕಿ ಗುಂಡಿ ಒತ್ತಿದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಒಂಬತ್ತು ಕಡ್ಡಿಗಳೂ ನೆಲಕಚ್ಚಿದವು! ಇಎಲ್‌ಟಿ ಕೇಬಲ್ ಕಳಚಿದರೂ ವ್ಯತ್ಯಾಸವಿಲ್ಲ. ಏಣಿ ಹತ್ತಿ ನೋಡಿದರೆ ಆ ರೇಡಿಯೊದ ಆ್ಯಂಟೆನಾ ಜಿಪಿಎಸ್ ಆ್ಯಂಟೆನಾದಿಂದ ಒಂದೂವರೆ ಗೇಣು ದೂರದಲ್ಲಿದೆ.

ಉತ್ತರ:
ಹಾಗಾದರೆ ರೋಗ 430ರದ್ದಲ್ಲ. ಆ ರೇಡಿಯೊದ ಆ್ಯಂಟೆನಾ ಕೇಬಲ್‌ಗೆ ನಾಚ್ ಫಿಲ್ಟರ್ (ಜಿಪಿಎಸ್ ಆವರ್ತನವನ್ನಷ್ಟೇ ತಡೆಯುವ ಶೋಧಕ) ಹಾಕಿಸಿ, ಅದು ಸಾಲದಿದ್ದರೆ ಆ್ಯಂಟೆನಾವನ್ನೇ ದೂರ ಸರಿಸಬೇಕು. ಇದನ್ನು ಬಿಟ್ಟು ಎಷ್ಟೇ ಬೆಲೆಯ ಹೊಸದನ್ನು ತಂದರೂ ಅದು ಇದೇ ತೊಂದರೆಗೆ ಸಿಕ್ಕಿಕೊಳ್ಳುತ್ತದೆ.

ಆದರೂ ನಿಮ್ಮ ಬಳಕೆಗೆ ವಾಸ್ ಬೇಕೇ ಬೇಕು ಎನ್ನುತ್ತೇನೆ. ಅದಿದ್ದರೆ ಎಲ್‌ಪಿವಿ ಎಂಬ ಜಿಪಿಎಸ್ ಅಪ್ರೋಚ್ (ರನ್‌ವೇಗೆ ಇಳಿದು ಬರುವ ಹಾದಿ) ಸಿಗುತ್ತದೆ: ಲಂಬ ಮಾರ್ಗದರ್ಶನದೊಂದಿಗೆ, ಒಳ್ಳೆಯ ರನ್‌ವೇಗಳಲ್ಲಿ ನೆಲದಿಂದ 200–250 ಅಡಿ ಎತ್ತರದವರೆಗೆ ಮೋಡದಲ್ಲೇ ಇಳಿಯಬಹುದು. ನಿಮ್ಮ ಸಿಡಿಐಯಲ್ಲಿ (ಹಾದಿಯಿಂದ ಎಷ್ಟು ಸರಿದಿದ್ದೀರಿ ಎಂದು ತೋರಿಸುವ ಉಪಕರಣ) ಗ್ಲೈಡ್‌ಸ್ಲೋಪ್ ಮುಳ್ಳು, ಅಂದರೆ ಇಳಿಯುವ ಹಾದಿಯ ಮೇಲೆ-ಕೆಳಗೆ ತೋರಿಸುವ ಮುಳ್ಳು, ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅದರ ಖರ್ಚೂ ಸೇರುತ್ತದೆ.

ಜಿಪಿಎಸ್ 175 ಎರಡೇ ಇಂಚು ಎತ್ತರದ ಅಚ್ಚುಕಟ್ಟಾದ ಉಪಕರಣ, ಆದರೆ ಅದರಲ್ಲಿ ರೇಡಿಯೊ ಇಲ್ಲ, ವಿಒಆರ್ (ನೆಲದ ಕೇಂದ್ರಗಳಿಂದ ದಿಕ್ಕು ತಿಳಿಸುವ ವ್ಯವಸ್ಥೆ) ಇಲ್ಲ, ಐಎಲ್‌ಎಸ್ (ರನ್‌ವೇ ಬಳಿಯ ರೇಡಿಯೊ ಕಿರಣಗಳಿಂದ ಇಳಿಸುವ ವ್ಯವಸ್ಥೆ) ಇಲ್ಲ. 430 ತೆಗೆದರೆ ಈ ಮೂರೂ ಅದರೊಂದಿಗೆ ಹೋಗುತ್ತವೆ. ನಿಮ್ಮದೇ ಊರಿನ 25 ಬಲ ರನ್‌ವೇಗೆ ಐಎಲ್‌ಎಸ್ ಇರುವಾಗ ಅದನ್ನು ಕಳೆದುಕೊಳ್ಳಬೇಡಿ. ಜಿಎನ್‌ಸಿ 355ರಲ್ಲಿ ರೇಡಿಯೊ ಇದೆ, ಐಎಲ್‌ಎಸ್ ಅದರಲ್ಲೂ ಇಲ್ಲ. 650ಎಕ್ಸ್‌ಐಯಲ್ಲಿ ಎಲ್ಲವೂ ಇದೆ, ಆದರೆ ಟ್ರೇ (ಉಪಕರಣ ಕೂರುವ ಚೌಕಟ್ಟು) ಬದಲಾಗಬೇಕು, ವೈರಿಂಗ್ ಹೊಸದಾಗಿ ಎಳೆಯಬೇಕು. ಆ ಕೂಲಿಯೇ ದೊಡ್ಡ ಮೊತ್ತ. ಐಎಫ್‌ಡಿ440 ಮಾತ್ರ ನಿಮ್ಮ ಈಗಿನ ಟ್ರೇಯಲ್ಲೇ ಕೂರುತ್ತದೆ. ಜಿಪಿಎಸ್ ಆ್ಯಂಟೆನಾ ಮತ್ತು ಅದರ ಕೇಬಲ್ ಬದಲಿಸಬೇಕಾಗುತ್ತದೆ. ಪರದೆ ಮುಟ್ಟಿಯೂ ನಡೆಸಬಹುದು, ತಿರುಗುಗುಂಡಿಯಿಂದಲೂ ನಡೆಸಬಹುದು. ಬೆಟ್ಟಗಳ ಮೇಲೆ ವಿಮಾನ ಕುಲುಕುವಾಗ ಬೆರಳು ಪರದೆಯ ಮೇಲೆ ನಿಲ್ಲುವುದಿಲ್ಲ, ಗುಂಡಿ ಕೈಗೆ ಸಿಗುತ್ತದೆ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. ಅಂದಾಜುಪಟ್ಟಿಯಲ್ಲಿ ಆ್ಯಂಟೆನಾ, ಕೇಬಲ್ ಮತ್ತು ಆ ಆರು ಆವರ್ತನಗಳ ಪರೀಕ್ಷೆಯನ್ನು ಬರೆಸಿಕೊಳ್ಳಿ.

ಇನ್ನೊಬ್ಬರು, ಬೆಂಗಳೂರಿನಿಂದ:
ಭಾರತದಲ್ಲಿ ಕೊಳ್ಳುವವರಿಗೆ ಒಂದು ಮಾತು: ಇಲ್ಲಿ ವಾಸ್ ಜಾಗದಲ್ಲಿರುವುದು ಇಸ್ರೊ ಮತ್ತು ವಿಮಾನನಿಲ್ದಾಣ ಪ್ರಾಧಿಕಾರದ ಗಗನ್. ಅದರ ನಿಯಂತ್ರಣ ಕೇಂದ್ರ ನಮ್ಮ ಕುಂದಲಹಳ್ಳಿಯಲ್ಲಿದೆ. 2022ರ ಏಪ್ರಿಲ್ 28ರಂದು ಇಂಡಿಗೋದ ಎಟಿಆರ್ ವಿಮಾನ ಕಿಶನ್‌ಗಢದಲ್ಲಿ ಗಗನ್ ಬಳಸಿ ಎಲ್‌ಪಿವಿ ಅಪ್ರೋಚ್‌ನಲ್ಲಿ ಇಳಿಯಿತು. ಉಪಕರಣದಲ್ಲಿ ಗಗನ್ ಆಯ್ಕೆ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.

ಪ್ರಶ್ನೆ ಕೇಳಿದವರು:
ಶನಿವಾರ ಫಿಲ್ಟರ್ ಹಾಕಿಸಿದೆವು. ಆರೂ ಆವರ್ತನಗಳಲ್ಲಿ ಅರ್ಧರ್ಧ ನಿಮಿಷ ಒತ್ತಿ ಹಿಡಿದೆ, ಒಂದು ಕಡ್ಡಿಯೂ ಅಲುಗಲಿಲ್ಲ. ಪಾಲುದಾರರೂ ಒಪ್ಪಿದ್ದಾರೆ, ಐಎಫ್‌ಡಿ440ಕ್ಕೆ ಹೊಸ ಅಂದಾಜುಪಟ್ಟಿ ಕೇಳಿದ್ದೇವೆ, ಈ ಸಲ ಆ್ಯಂಟೆನಾ ಸೇರಿಸಿ.