ಘಾಟಿ ರಸ್ತೆಗಳಲ್ಲಿ ಒಂದು ದಿನದ ಸವಾರಿಗೆ 350ರಿಂದ 650 ಸಿಸಿವರೆಗೆ ಯಾವ ಬೈಕ್ ಸೂಕ್ತ?

ಹಾಸನದ ಸವಾರ:

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಕು ಹರಿಯುವಾಗ ಹಾಸನದಿಂದ ಹೊರಟು ಕತ್ತಲಾಗುವ ಮೊದಲು ಮನೆ ಸೇರುವಂಥ ಸವಾರಿಗಳಿಗಾಗಿ ಒಂದು ಬೈಕ್ ಕೊಳ್ಳಬೇಕೆಂದಿದ್ದೇನೆ. ಸಾಮಾನ್ಯವಾಗಿ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಕಳಸ, ಕುದುರೆಮುಖದ ಕಡೆಗೆ ಹೋಗುತ್ತೇನೆ. ಇಲ್ಲವಾದರೆ ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ. ಈಗಿರುವ 150 ಸಿಸಿ ಬೈಕ್ ಒಬ್ಬನಿಗೆ ಸಾಕಾಗುತ್ತದೆ, ಆದರೆ ಹಿಂದೆ ಪತ್ನಿ ಕುಳಿತರೆ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿದರೂ ಏದುಸಿರು ಬಿಡುತ್ತದೆ. ನನ್ನ ಎತ್ತರ 5 ಅಡಿ 5 ಅಂಗುಲ.

ರಾಯಲ್ ಎನ್‌ಫೀಲ್ಡ್ ಹಂಟರ್ 350, ಟ್ರಯಂಫ್ ಸ್ಪೀಡ್ 400, ಹಿಮಾಲಯನ್ 450 ಮತ್ತು ಇಂಟರ್‌ಸೆಪ್ಟರ್ 650, ಈ ನಾಲ್ಕನ್ನು ನೋಡಿಟ್ಟುಕೊಂಡಿದ್ದೇನೆ. ಯಾವ ಶೋರೂಮಿಗೆ ಹೋದರೂ ಮಾತು ಅಶ್ವಶಕ್ತಿಯಿಂದಲೇ ಶುರುವಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟುವುದೇ ಅಪರೂಪವಾದ ರಸ್ತೆಗಳಿಗೆ ನಿಜವಾಗಿ ಮೊದಲು ಅಳೆಯಬೇಕಾದದ್ದು ಏನನ್ನು? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಘಟ್ಟದವ:

ಪೆಟ್ರೋಲ್ ತುಂಬಿದ ಬೈಕಿನ ತೂಕವನ್ನು, ಮತ್ತು ಆ ತೂಕವನ್ನು ಗಂಟೆಗೆ 15–20 ಕಿಲೋಮೀಟರ್ ವೇಗದಲ್ಲಿ ನೀವು ಎಷ್ಟು ಸಲೀಸಾಗಿ ತಿರುಗಿಸಬಲ್ಲಿರಿ ಎಂಬುದನ್ನು. ಸ್ಪೀಡ್ 400 ಸುಮಾರು 176 ಕಿಲೋ ತೂಗುತ್ತದೆ, ಹಂಟರ್ 181, ಹಿಮಾಲಯನ್ 196, ಇಂಟರ್‌ಸೆಪ್ಟರ್ 218. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಒಂದು ಸಿಮೆಂಟ್ ಮೂಟೆಗಿಂತ ಸ್ವಲ್ಪವೇ ಕಡಿಮೆ. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಯಾವುದೋ ಒಂದರ ನಡುವೆ ನೀವಿರುವಾಗ, ಮೇಲಿನಿಂದ ಬರುವ ಬಸ್ಸು ತಿರುವಿನ ಪೂರ್ತಿ ಅಗಲವನ್ನು ಬಳಸಿಕೊಂಡರೆ, ಏರಿನಲ್ಲೇ ಬೈಕನ್ನು ನಿಲ್ಲಿಸಿ ಕಾಲು ಊರಬೇಕಾಗುತ್ತದೆ. (ಅಗಲ ಸಾಲದ ಘಾಟಿ ರಸ್ತೆಯಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮವೇ ಆದರೂ, ಬಸ್ಸಿನ ಮುಂದೆ ಅದನ್ನು ಪರೀಕ್ಷಿಸಲು ಹೋಗಬೇಡಿ.) ಅಂಥ ಕಡೆ ರಸ್ತೆ ಒಳಬದಿಗೆ ವಾಲಿಕೊಂಡಿರುವುದರಿಂದ ಆ ಬದಿಯ ಕಾಲು ಸಮತಟ್ಟು ನೆಲದಲ್ಲಿ ಚಾಚಬೇಕಾದುದಕ್ಕಿಂತ ಕೆಳಕ್ಕೆ ಚಾಚಬೇಕು. ಹಂಟರ್ ಮತ್ತು ಸ್ಪೀಡ್ 400ರ ಸೀಟಿನ ಎತ್ತರ 790 ಮಿಲಿಮೀಟರ್. ಹಿಮಾಲಯನ್‌ನದು ಕಡಿಮೆಯೆಂದರೂ 825. ಶೋರೂಮಿನ ನುಣುಪು ನೆಲದ ಮೇಲೆ ತುದಿಗಾಲು ತಾಗಿದ್ದನ್ನೇ ನಂಬಿಕೊಂಡು 825ರ ಬೈಕನ್ನು ನಿಮ್ಮ ಎತ್ತರದವರು ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಎರಡನೆಯದು ಮುಂದಿನ ಚಕ್ರ. ಸ್ಪೀಡ್ ಮತ್ತು ಹಂಟರ್‌ಗಳ 17 ಇಂಚಿನ ಚಕ್ರ ಹ್ಯಾಂಡಲ್‌ಗೆ ಚುರುಕಾಗಿ ಸ್ಪಂದಿಸುತ್ತದೆ. ಹಿಮಾಲಯನ್‌ನ 21 ಇಂಚಿನ ಚಕ್ರಕ್ಕೆ, ಎಡದಿಂದ ಬಲಕ್ಕೆ ಬೆನ್ನುಬೆನ್ನಿಗೆ ಹೊರಳಬೇಕಾದ ತಿರುವುಗಳಲ್ಲಿ, ತೋಳಿನ ಬಲ ಹೆಚ್ಚು ಬೇಕು. ಇಂಟರ್‌ಸೆಪ್ಟರ್‌ನ ಜೋಡಿ ಸಿಲಿಂಡರ್ ಎಂಜಿನ್ ಬಹಳ ಸೊಗಸಾದದ್ದು, ಕಳಸದಿಂದ ಕುದುರೆಮುಖದ ಕಡೆಗಿನ ಉದ್ದುದ್ದ ತಿರುವುಗಳಲ್ಲಿ ಅದನ್ನು ಓಡಿಸುವ ಸುಖವೇ ಬೇರೆ. ಬಿಸಿಲೆಯಂಥ ಕಿರಿದಾದ ರಸ್ತೆಗೆ ಮಾತ್ರ ನಾನು ಅದನ್ನು ಹೇಳಲಾರೆ. ನನ್ನ ಆಯ್ಕೆ ಸ್ಪೀಡ್ 400.

ಗ್ಯಾರೇಜ್ ಚಿಕ್ಕಮಗಳೂರು:

ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಅವರು ಹೇಳಿದ್ದೆಲ್ಲವೂ ಒಳ್ಳೆಯ ಡಾಂಬರಿನ ಮೇಲೆ ನಿಜ. ಮಳೆಗಾಲ ಮುಗಿದು ಗುಂಡಿ ಮುಚ್ಚುವ ಕೆಲಸ ಶುರುವಾಗುವವರೆಗಿನ ತಿಂಗಳುಗಳಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಬೈಕಿನ ಚುರುಕುತನಕ್ಕಿಂತ ಸಸ್ಪೆನ್ಷನ್ ಎಷ್ಟು ದೂರ ಕುಸಿದು ಏಳಬಲ್ಲದು ಎಂಬುದೇ ದೊಡ್ಡದಾಗುತ್ತದೆ. ಹಿಮಾಲಯನ್‌ನಲ್ಲಿ ಅದು ಹಿಂದೆ ಮುಂದೆ ಎರಡೂ ಕಡೆ 200 ಮಿಲಿಮೀಟರ್. ಸ್ಪೀಡ್ 400ರಲ್ಲಿ ಮುಂದೆ 140, ಹಿಂದೆ 130. ಹಂಟರ್‌ನ ಹಿಂಭಾಗದಲ್ಲಿ 102 ಮಾತ್ರ. ಇಬ್ಬರು ಕುಳಿತು ಗುಂಡಿಗೆ ಇಳಿಸಿದರೆ ಹಿಂದಿನವರ ಬೆನ್ನಿಗೇ ಪೆಟ್ಟು. ನೀವು ಪತ್ನಿಯನ್ನೂ ಕರೆದುಕೊಂಡು ಹೋಗುವವರಾದ್ದರಿಂದ ಈ ಅಂಕಿಯನ್ನು ಅಶ್ವಶಕ್ತಿಗಿಂತ ಮೊದಲು ಓದಿ.

ಯಾವ ಬೈಕ್ ಕೊಂಡರೂ ಟಯರ್ ಮತ್ತು ಬ್ರೇಕಿನ ಬಗ್ಗೆ ಉದಾಸೀನ ಮಾಡಬೇಡಿ. ಮಣ್ಣುದಾರಿಗೆಂದು ದಪ್ಪ ಕಟ್ಟೆಗಳಿರುವ ಟಯರ್ ನೋಡಲು ಗಟ್ಟಿಮುಟ್ಟಾಗಿ ಕಂಡರೂ, ಮರದ ನೆರಳಿನಲ್ಲಿ ಪಾಚಿ ಕಟ್ಟಿದ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ರಸ್ತೆಯ ಟಯರಿನಷ್ಟು ಇರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದು ಕುದಿಯುವ ಉಷ್ಣಾಂಶ ಇಳಿಯುತ್ತದೆ. ಘಾಟಿ ಇಳಿಯುತ್ತ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದವರಿಗೆ ಲಿವರ್ ಇದ್ದಕ್ಕಿದ್ದಂತೆ ಮೆತ್ತಗಾಗುವುದಕ್ಕೆ ಮುಖ್ಯ ಕಾರಣ ಇದೇ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ, ಮತ್ತು ಇಳಿಜಾರಿನಲ್ಲಿ ವೇಗ ತಗ್ಗಿಸುವ ಕೆಲಸದ ದೊಡ್ಡ ಪಾಲನ್ನು ಗೇರಿಗೆ ಬಿಡಿ. ಸ್ಲಿಪ್ಪರ್ ಕ್ಲಚ್ ಇರುವ ಬೈಕ್‌ಗಳಲ್ಲಿ ಗೇರ್ ಅವಸರದಿಂದ ಇಳಿಸಿದರೂ ಹಿಂದಿನ ಚಕ್ರ ಕುಪ್ಪಳಿಸುವುದು ಕಡಿಮೆ. ಹಂಟರ್ ನೋಡುವುದಾದರೆ ಈ ಕ್ಲಚ್ ಬಂದದ್ದು 2025ರ ಮಾದರಿಯಲ್ಲಿ ಎಂಬುದು ನೆನಪಿರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು.

ಮೂರನೇ ಗೇರ್:

ಇಲ್ಲಿ 350 ಸಿಸಿಯ ಪರವಾಗಿ ಮಾತನಾಡುವವರು ಯಾರೂ ಕಾಣುತ್ತಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಹಂಟರ್‌ನ ಶಕ್ತಿ ಸುಮಾರು 20 ಅಶ್ವಶಕ್ತಿ, ಅಂದರೆ ಸ್ಪೀಡ್ 400 ಅಥವಾ ಹಿಮಾಲಯನ್‌ನ ಸರಿಸುಮಾರು ಅರ್ಧ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ಆ ಕೊರತೆ ತಿಳಿಯುತ್ತದೆ. ಆದರೆ ಅದರ 27 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 4000 ಆರ್‌ಪಿಎಂಗೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಸಿಗುತ್ತದೆ, ಹೋಂಡಾ ಹೈನೆಸ್ ಸಿಬಿ350ಯ 30 ನ್ಯೂಟನ್ ಮೀಟರ್ ಇನ್ನೂ ಕೆಳಗೆ, 3000ಕ್ಕೇ. ಸ್ಪೀಡ್ 400ರ ಗರಿಷ್ಠ ಟಾರ್ಕ್ ಕೈಗೆ ಬರಬೇಕಾದರೆ 6500 ಮುಟ್ಟಬೇಕು. ಹಿಮಾಲಯನ್ ಎಂಜಿನ್ ಕೂಡ 3000ದ ಕೆಳಗೆ ಮಂಕಾಗಿಯೇ ಇರುತ್ತದೆ, ಹೀಗಾಗಿ ಹೇರ್‌ಪಿನ್ ತಿರುವಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು ಓಡಿಸುವ ಪ್ರಸಂಗ ಬರುತ್ತದೆ. ದಿನವಿಡೀ ಎರಡನೇ, ಮೂರನೇ ಗೇರಿನಲ್ಲಿ ನಿಧಾನವಾಗಿ ತಿರುಗುವವರಿಗೆ 350 ನೆಮ್ಮದಿ ಕೊಡುತ್ತದೆ.

ಹಣದ ವಿಷಯವೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವುಗಳ ಮೇಲೆ ಶೇ 40 ಆಗಿದೆ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆಯೂ ವಾಹನದ ಬೆಲೆಯ ಮೇಲೆಯೇ ನಿಗದಿಯಾಗುವುದರಿಂದ ಆನ್‌ರೋಡ್ ಬೆಲೆಗಳ ಅಂತರವನ್ನು ಹಳೆಯ ವಿಡಿಯೊ ನೋಡಿ ಅಂದಾಜು ಮಾಡಬೇಡಿ. ಉಳಿಯುವ ಹಣದಲ್ಲಿ ಒಳ್ಳೆಯ ಜಾಕೆಟ್, ಗ್ಲೌಸ್, ಬೂಟು ಬರುತ್ತವೆ.

ಹಾಸನದ ಸವಾರ:

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಇಂಟರ್‌ಸೆಪ್ಟರ್ ಮತ್ತು ಹಿಮಾಲಯನ್ ಎರಡನ್ನೂ ಪಟ್ಟಿಯಿಂದ ತೆಗೆದಿದ್ದೇನೆ, ಮೊದಲನೆಯದನ್ನು ತೂಕಕ್ಕಾಗಿ, ಎರಡನೆಯದನ್ನು ಸೀಟಿನ ಎತ್ತರಕ್ಕಾಗಿ. ಹಿಮಾಲಯನ್ ಎಂಜಿನ್ನೇ ಇರುವ, ಸೀಟು 780 ಮಿಲಿಮೀಟರ್ ಇರುವ ಗೆರಿಲ್ಲಾ 450ಯನ್ನು ಅದರ ಬದಲು ಪರಿಗಣಿಸಬಹುದೇ?

ಘಟ್ಟದವ:

ಖಂಡಿತ ಪರಿಗಣಿಸಬಹುದು. ಚಕ್ರಗಳು 17 ಇಂಚಿನವು, ತೂಕವೂ ಹಿಮಾಲಯನ್‌ಗಿಂತ ಹತ್ತು ಕಿಲೋಗಿಂತ ಹೆಚ್ಚು ಕಡಿಮೆ, ಹಿಂದಿನ ಸಸ್ಪೆನ್ಷನ್ 150 ಮಿಲಿಮೀಟರ್ ಇರುವುದರಿಂದ ಗ್ಯಾರೇಜಿನವರ ಆಕ್ಷೇಪಕ್ಕೂ ತಕ್ಕಮಟ್ಟಿಗೆ ಉತ್ತರವಿದೆ. ಅದರ ಟ್ಯಾಂಕಿನ ಬಗ್ಗೆ ಮಾತ್ರ ಎಚ್ಚರ ಬೇಕು: ಹಿಡಿಯುವುದು 11 ಲೀಟರ್, ಹಿಮಾಲಯನ್‌ನದು 17. ಲೀಟರಿಗೆ 28 ಕಿಲೋಮೀಟರ್ ಕೊಟ್ಟರೂ ಪೂರ್ತಿ ಖಾಲಿಯಾಗುವವರೆಗೆ 308 ಕಿಲೋಮೀಟರ್ ಆಗುತ್ತದೆ, ಕುದುರೆಮುಖದ ಕಾಡಿನೊಳಗೆ ಅಷ್ಟು ದೂರ ಎಳೆಯುವ ಧೈರ್ಯ ಯಾರಿಗೂ ಬೇಡ. ಮೂಡಿಗೆರೆ ಅಥವಾ ಕಳಸದಲ್ಲಿ ತುಂಬಿಸಿಕೊಂಡೇ ಮುಂದೆ ಹೋಗಿ. ಸ್ಪೀಡ್ 400ರ 13 ಲೀಟರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹೇಗಿದ್ದರೂ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುವವರೇ ನೀವು, ಅದಕ್ಕೆ ಸ್ವಲ್ಪ ಮೊದಲು ಬಂಕಿಗೂ ನಿಲ್ಲಿ.

ಈಗ ಉಳಿದದ್ದು ಟೆಸ್ಟ್ ರೈಡ್. ಸ್ಪೀಡ್, ಗೆರಿಲ್ಲಾ, ಹಂಟರ್ ಮೂರನ್ನೂ ಪತ್ನಿಯನ್ನು ಕೂರಿಸಿಕೊಂಡೇ ಓಡಿಸಿ, ಮತ್ತು ಶೋರೂಮಿನವರು ತೋರಿಸುವ ಅಗಲವಾದ ರಸ್ತೆಯನ್ನು ಬಿಟ್ಟು ಯಾವುದಾದರೂ ಏರಿರುವ ಓಣಿಯನ್ನು ಹುಡುಕಿಕೊಳ್ಳಿ. ಅಲ್ಲಿ ಎರಡನೇ ಗೇರಿನಲ್ಲಿ ಕ್ಲಚ್ ಮುಟ್ಟದೆ ನಿಧಾನವಾಗಿ ಏರಿಸಿ, ಮಧ್ಯದಲ್ಲಿ ನಿಲ್ಲಿಸಿ ಇಳಿಜಾರಿನ ಬದಿಗೆ ಕಾಲು ಊರಿ, ಅಲ್ಲಿಂದಲೇ ಹೊರಡಿಸಿ, ಕೊನೆಗೆ ಯು-ಟರ್ನ್ ಮಾಡಿ. ಇದರಲ್ಲಿ ಯಾವ ಹಂತದಲ್ಲಿ ಎದೆ ಅಳುಕಿದರೂ ಆ ಬೈಕನ್ನು ಬಿಟ್ಟುಬಿಡಿ. ಹಿಂದಿನ ಸೀಟಿನ ಬಗ್ಗೆ ಪತ್ನಿಯವರನ್ನೇ ಕೇಳಿ. ಅವರು ಬೇಡವೆಂದ ಬೈಕನ್ನು ನಮ್ಮ ಮಾತು ಕೇಳಿ ಕೊಳ್ಳಬೇಡಿ.